ಬಿಸಿ ರೊಟ್ಟಿಯ ಪಾಲು

ಶಿರಹಟ್ಟಿಯ ಓಣಿಗಳಲ್ಲಿ ಬೆಳಗಿನ ಐದೂವರೆಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತದೆ. ಮೊದಲು ಒಂದು ಮನೆಯಿಂದ, ಆಮೇಲೆ ಅದರ ಎದುರಿನ ಮನೆಯಿಂದ, ಸ್ವಲ್ಪ ಹೊತ್ತಿಗೆ ಇಡೀ ಓಣಿಯಿಂದ. ಬಡಿಯುತ್ತಿರುವವರು ಯಾರೆಂದು ಸಪ್ಪಳ ಕೇಳಿಯೇ ಓಣಿಯವರು ಹೇಳಬಲ್ಲರು. ವಯಸ್ಸಾದವರ ಕೈ ನಿಧಾನ, ಆದರೆ ಒಂದು ಏಟಿಗೂ ಇನ್ನೊಂದು ಏಟಿಗೂ ವ್ಯತ್ಯಾಸವಿಲ್ಲ. ಹೊಸದಾಗಿ ಬಂದ ಸೊಸೆಯ ಕೈ ನಡುನಡುವೆ ನಿಲ್ಲುತ್ತದೆ. ಅಂಚು ಸೀಳಿತೇನೋ ಎಂದು ನೋಡಿಕೊಂಡು ಮತ್ತೆ ಹೊರಡುತ್ತದೆ. ಹೊಲಕ್ಕೆ ಹೋಗುವ ಅವಸರ ಇದ್ದವರದು ಬೇರೆಯದೇ ಲಯ.

ಇದೇ ಹೊತ್ತಿಗೆ ಬೆಟಗೇರಿಯ ನೇಕಾರರ ಮನೆಗಳಲ್ಲೂ ಇದೇ ಸಪ್ಪಳ. ಅಲ್ಲಿ ರೊಟ್ಟಿ ಬಡಿದು ಮುಗಿಸಿದ ಕೈಯೇ ಆಮೇಲೆ ಕಂಡಿಕೆ ಸುತ್ತಲು ಕೂರಬೇಕು. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿಯ ಸುತ್ತಿನ ಮನೆಗಳಲ್ಲಿ, ದೂದಪೀರಾಂ ದರ್ಗಾದ ಕಡೆಯ ಮನೆಗಳಲ್ಲಿ, ಮುಂಡರಗಿಯಲ್ಲಿ, ತುಂಗಭದ್ರೆಯ ದಂಡೆಯ ಹಳ್ಳಿಗಳಲ್ಲಿ, ಎಲ್ಲೆಲ್ಲೂ ಇದೇ ಕೆಲಸ. ದೇವರು ಬೇರೆ, ಹಬ್ಬ ಬೇರೆ, ಮಸಾಲೆ ಬೇರೆ ಇರಬಹುದು. ಬೆಳಗಿನ ರೊಟ್ಟಿ ಮಾತ್ರ ಎಲ್ಲರಿಗೂ ಒಂದೇ.

ಈ ನೆಲ ಕೊಡುವುದೂ ಅದನ್ನೇ. ಕಪ್ಪತಗುಡ್ಡದ ಸುತ್ತ ಹಬ್ಬಿದ ಎರೆಭೂಮಿಗೆ ಮಳೆ ಬಹಳವೇನೂ ಇಲ್ಲ. ಬಿದ್ದ ಮಳೆಯನ್ನು ಒಡಲಲ್ಲಿ ಹಿಡಿದಿಟ್ಟುಕೊಳ್ಳುವ ಗುಣ ಮಾತ್ರ ಈ ಕರಿಮಣ್ಣಿಗಿದೆ. ಮುಂಗಾರಿಗೆ ಹೆಸರು ಬೆಳೆದು ತೆಗೆದು, ಹಿಂಗಾರಿಗೆ ಬಿಳಿಜೋಳ ಬಿತ್ತುತ್ತಾರೆ. ನಡುನಡುವೆ ಕುಸುಬಿಯ ಸಾಲು, ಪಕ್ಕದ ಹೊಲದಲ್ಲಿ ಕಡಲೆ. ಮಾಲದಂಡಿ ಎಂದು ಕರೆಯುವ ಎಂ 35-1 ತಳಿಯ ಜೋಳ ಇಲ್ಲಿಯವರ ಬಾಯಿಗೆ ಒಗ್ಗಿಹೋದದ್ದು. ಚಳಿಗಾಲದ ತೇವ ಮತ್ತು ಇಬ್ಬನಿಯ ಮೇಲೆಯೇ ಬೆಳೆದು ನಿಲ್ಲುವ ಬೆಳೆ ಅದು. ತೆನೆ ಹಾಲು ತುಂಬಿದಾಗ ಹೊಲದಲ್ಲೇ ಕೆಂಡ ಮಾಡಿ ಸೀತನಿ ಸುಟ್ಟು, ಬಿಸಿಬಿಸಿ ಕಾಳನ್ನು ಅಂಗೈಯಲ್ಲಿ ತಿಕ್ಕಿ ಊದಿ ಬಾಯಿಗೆ ಹಾಕಿಕೊಳ್ಳುವ ಸುಖ ಈ ಸೀಮೆಯವರಿಗೇ ಗೊತ್ತು.

ಶಿರಹಟ್ಟಿ ತಾಲ್ಲೂಕಿನ ಒಂದು ಹಳ್ಳಿಯ ಮನೆ. ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಇದೆ. ಆದರೂ ಹಿತ್ತಿಲ ಬಾಗಿಲಿನ ಪಕ್ಕ ಮಣ್ಣಿನ ಒಲೆ ಇನ್ನೂ ಉಳಿದಿದೆ. ರೊಟ್ಟಿ ಮಟ್ಟಿಗೆ ಆ ಮನೆಯ ಹಿರಿಯಕ್ಕ ಮಣ್ಣಿನ ಒಲೆಯನ್ನು ಬಿಟ್ಟಿಲ್ಲ. ಹತ್ತಿಕಟ್ಟಿಗೆಯ ಉರಿ. ಪಾತ್ರೆಯಲ್ಲಿ ಎಸರು ಕಾಯುತ್ತಿದೆ. ಪರಾತದಲ್ಲಿ ಜೋಳದ ಹಿಟ್ಟು ಗುಡ್ಡೆ ಹಾಕಿ ನಡುವೆ ಗುಳಿ ಮಾಡಿ ಇಟ್ಟಿದ್ದಾರೆ.

"ಎಸರು ಕುದ್ದದ್ದು ಕಿವಿಗೇ ಗೊತ್ತಾಗತೈತ್ರಿ ಅಣ್ಣಾರ, ಇಣುಕಿ ನೋಡೂದ ಬ್ಯಾಡ" ಎನ್ನುತ್ತ ಅವರು ಕುದಿನೀರನ್ನು ಗುಳಿಗೆ ಸುರಿದರು. ಕಟ್ಟಿಗೆಯ ಕೋಲಿನಿಂದ ಕಲೆಸಿ ಒಂದಿಷ್ಟು ಹೊತ್ತು ಬಿಟ್ಟರು. ಈ ಎಸರೇ ರೊಟ್ಟಿಯ ಜೀವ. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ. ತಣ್ಣೀರಿನಲ್ಲಿ ಕಲೆಸಿದರೆ ಹಿಟ್ಟು ಹಿಟ್ಟಾಗಿಯೇ ಉಳಿಯುತ್ತದೆ, ಬಡಿಯಲು ಹೋದರೆ ಸೀಳುತ್ತದೆ. ಕುದಿನೀರು ಬಿದ್ದಾಗ ಪಿಷ್ಟ ಬೆಂದು ಅಂಟು ಬಿಡುತ್ತದೆ. ಇಲ್ಲಿಯವರು ಅದನ್ನೇ ಜಿಗಿ ಅನ್ನುವುದು. ಹಿಟ್ಟು ಹಳೆಯದಾದರೂ ಜಿಗಿ ಹೋಗುತ್ತದೆ. ಅದಕ್ಕೇ ಯಾರೂ ತಿಂಗಳಿಗಾಗುವಷ್ಟು ಜೋಳವನ್ನು ಒಮ್ಮೆಲೇ ಬೀಸಿಸಿ ಇಡುವುದಿಲ್ಲ. ಗಿರಣಿಗೆ ಹೋಗಿ ಬೇಕಾದಷ್ಟೇ ಹಿಟ್ಟು ಹಾಕಿಸಿಕೊಂಡು ಬರುತ್ತಾರೆ. ಬೀಸುವ ಕಲ್ಲಿದ್ದ ಕಾಲಕ್ಕೆ ಅದು ನಸುಕಿನ ಕೆಲಸ. ಆಗ ಕಲ್ಲಿನ ಮುಂದೆ ಹುಟ್ಟಿದ ಹಾಡುಗಳೇ ನಮ್ಮ ಜನಪದ ಸಾಹಿತ್ಯದ ದೊಡ್ಡ ಪಾಲು.

ನಾದುವುದು ಆಮೇಲಿನ ಕೆಲಸ. ಅಕ್ಕ ಎಲ್ಲ ಹಿಟ್ಟನ್ನೂ ಒಟ್ಟಿಗೆ ನಾದಲಿಲ್ಲ. ಒಂದು ರೊಟ್ಟಿಗಾಗುವಷ್ಟೇ ಮುರಿದುಕೊಂಡು, ಅಂಗೈಯ ಬುಡದಿಂದ ಒತ್ತಿ, ಮಡಚಿ, ಮತ್ತೆ ಒತ್ತಿ, ನಡುವೆ ಬೆರಳು ಅದ್ದಿ ನಾಲ್ಕು ಹನಿ ನೀರು ಚಿಮುಕಿಸಿದರು. ಉಂಡೆ ಕೈಗೆ ನುಣ್ಣಗೆ ಹತ್ತಿದಾಗ ಅದರ ಅಂಚನ್ನು ತಿರುತಿರುಗಿಸಿ ಗುಂಡಗೆ ತಟ್ಟಿ, ಕೆಳಗೆ ಒಣಹಿಟ್ಟು ಉದುರಿಸಿ, ಬಡಿಯಲು ಶುರು ಮಾಡಿದರು. ಬಲಗೈ ಬಡಿಯುತ್ತದೆ, ಎಡಗೈ ಅಂಚನ್ನು ಕಾಯುತ್ತದೆ. ಪ್ರತಿ ಏಟಿಗೂ ರೊಟ್ಟಿ ತಾನಾಗಿ ಒಂದಿಷ್ಟು ತಿರುಗುತ್ತದೆ. ಬಡಿಯುವವರು ಅದನ್ನು ತಿರುಗಿಸಿದ್ದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನೋಡುತ್ತ ನೋಡುತ್ತ ಅಂಗೈಯಗಲ ಇದ್ದದ್ದು ಹಂಚಿನಗಲ ಆಯಿತು. ದಪ್ಪ ಎಲ್ಲ ಕಡೆಗೂ ಒಂದೇ. ಅಳತೆಗೋಲು ಹಿಡಿದು ಮಾಡಿದವರಿಗೂ ಅಷ್ಟು ಸಮ ಬರಲಾರದು.

ಎರಡೂ ಅಂಗೈ ಮೇಲೆ ರೊಟ್ಟಿಯನ್ನು ಎತ್ತಿ, ಹಿಟ್ಟು ಹತ್ತಿದ ಮೈ ಮೇಲೆ ಬರುವಂತೆ ಕಾದ ಹಂಚಿಗೆ ಹಾಕಿದರು. ನೀರಲ್ಲಿ ಅದ್ದಿದ ಅರಿವೆಯನ್ನು ಅದರ ಮೇಲೆ ಒಮ್ಮೆ ಸವರಿದರು. ನೀರು ಆರುವಷ್ಟರಲ್ಲಿ ತಿರುವಿ ಹಾಕಬೇಕು. ಮೊದಲಾದರೆ ಹಂಚಿಗೆ ಹತ್ತುತ್ತದೆ, ತಡವಾದರೆ ಬಿರಿಯುತ್ತದೆ. ತಿರುವಿದ ಮೇಲೆ ಅರಿವೆಯ ಮುದ್ದೆಯಿಂದ ಅಂಚನ್ನು ಅಲ್ಲಲ್ಲಿ ಒತ್ತಿದರು. ಒಳಗಿನ ಉಗಿ ಹೊರಹೋಗಲು ದಾರಿ ಕಾಣದೆ ಎರಡು ಪದರ ಬಿಟ್ಟುಕೊಂಡು ಇಡೀ ರೊಟ್ಟಿ ಉಬ್ಬಿ ನಿಂತಿತು. ಆ ಗಳಿಗೆಯಲ್ಲಿ ಅಕ್ಕನ ಮುಖ ನೋಡಿದೆ. ಜೀವಮಾನವಿಡೀ ಇದನ್ನೇ ಮಾಡಿಕೊಂಡು ಬಂದವರು. ಆದರೂ ರೊಟ್ಟಿ ಉಬ್ಬಿದಾಗ ಅವರ ಕಣ್ಣಲ್ಲಿ ಒಂದು ಸಮಾಧಾನ ಬಂದುಹೋಯಿತು.

"ದಿನಾ ಎಷ್ಟು ರೊಟ್ಟಿ ಮಾಡ್ತೀರಿ ಅಕ್ಕಾರ?"

"ಎಣಸಂಗಿಲ್ರಿ. ಎಣಿಸಿದ್ರ ಬರಕತ್ತು ಇರಂಗಿಲ್ಲ. ಬುಟ್ಟಿ ತುಂಬಬೇಕು, ಅಷ್ಟ."

ಈ ಮಾತು ಸಣ್ಣದಲ್ಲ. ಮನೆಯಲ್ಲಿ ಎಷ್ಟು ಮಂದಿ ಇದ್ದಾರೆ, ಯಾರು ಎಷ್ಟು ತಿನ್ನುತ್ತಾರೆ ಎಂಬುದು ಆ ತಾಯಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೆ ಅವರು ಬಡಿಯುವುದು ಬರೀ ಇದ್ದವರ ಲೆಕ್ಕಕ್ಕಲ್ಲ. ದಾರಿಯಲ್ಲಿ ಹೋಗುವ ನೆಂಟ, ಭಿಕ್ಷೆಗೆ ಬರುವ ಜಂಗಮ, ಕಳೆ ತೆಗೆಯಲು ಬಂದು ಬುತ್ತಿ ಮರೆತ ಆಳು, ಮಧ್ಯಾಹ್ನ ಹಸಿದು ಬಂದ ಪಕ್ಕದ ಮನೆಯ ಹುಡುಗ, ಹೀಗೆ ಇನ್ನೂ ಬಾರದವರ ಪಾಲೂ ಆ ಬುಟ್ಟಿಯಲ್ಲಿ ಇರುತ್ತದೆ. ದಿನನಿತ್ಯದ ಅಡುಗೆಯಲ್ಲಿ ಅರ್ಥ ಎಲ್ಲಿದೆ ಎಂದು ಕೇಳುವವರಿಗೆ ನಾನು ತೋರಿಸುವುದು ಈ ಬುಟ್ಟಿಯನ್ನೇ. ಹೆಸರು ಗೊತ್ತಿಲ್ಲದ ಒಬ್ಬನ ಹಸಿವನ್ನು ಬೆಳಗಿನ ಐದೂವರೆಗೇ ಲೆಕ್ಕಕ್ಕೆ ಹಿಡಿಯುವ ಕೆಲಸ ಇದು. ದಾಸೋಹ ಎಂದು ಶರಣರು ಬೆಳೆಸಿದ ದೊಡ್ಡ ವಿಚಾರ ಈ ಸೀಮೆಯ ಹೆಣ್ಣುಮಕ್ಕಳ ಕೈಯಲ್ಲಿ ದಿನದ ರೂಢಿಯಾಗಿ ಉಳಿದುಕೊಂಡಿದೆ.

ಬುಟ್ಟಿಯ ಪಕ್ಕಕ್ಕೆ ಬರುವುದು ಆಯಾ ಕಾಲದ ಪಲ್ಯ. ಮಳೆಗಾಲದಲ್ಲಿ ಹೊಲದ ಬದುವಿನ ಸೊಪ್ಪು, ಪುಂಡಿಪಲ್ಯ. ಚಳಿಗಾಲಕ್ಕೆ ಎಳೆ ಕುಸುಬಿಯ ಎಲೆ, ಹುಳಿಹುಳಿ ಕಡಲೆಯ ಕುಡಿ. ಬೇಸಿಗೆಗೆ ಹೆಸರುಕಾಳು, ಮಡಕಿಕಾಳು, ಝುಣಕ. ಎಣ್ಣೆಗಾಯಿ ಬದನೆ ಯಾವ ಕಾಲಕ್ಕೂ ಸೈ. ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಗಳು ಡಬ್ಬಿಗಳಲ್ಲಿ ಸದಾ ಇರುತ್ತವೆ. ಒಂದು ಹಸಿ ಉಳ್ಳಾಗಡ್ಡಿಯನ್ನು ಗುದ್ದಿ ಇಟ್ಟುಕೊಂಡರೆ, ಮೇಲೊಂದಿಷ್ಟು ಗಟ್ಟಿ ಮೊಸರು ಇದ್ದರೆ, ಊಟಕ್ಕೆ ಇನ್ನೇನೂ ಬೇಡ.

ರೊಟ್ಟಿ ಊರು ಬಿಟ್ಟು ಹೋಗುವುದೂ ಉಂಟು. ಗದಗಿನ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ನಿಂತು ನೋಡಬೇಕು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದ ಬರುವ ವಾಯವ್ಯ ಸಾರಿಗೆಯ ಬಸ್ಸುಗಳಲ್ಲಿ ಜನರ ಜೊತೆಗೆ ಬುತ್ತಿಗಳೂ ಇಳಿಯುತ್ತವೆ. ಕೈಚೀಲದಲ್ಲಿ ಸ್ಟೀಲ್ ಡಬ್ಬಿ, ಡಬ್ಬಿಯ ಮೇಲೆ ಬಿಳಿ ಅರಿವೆಯಲ್ಲಿ ಸುತ್ತಿದ ರೊಟ್ಟಿ. ರೂಮು ಮಾಡಿಕೊಂಡು ಕಾಲೇಜಿಗೆ ಹೋಗುವ ಹುಡುಗರು ಬಸ್ಸಿನ ಬೋರ್ಡು ನೋಡುತ್ತ ಕಾಯುತ್ತಾರೆ. ಡ್ರೈವರು, ಕಂಡಕ್ಟರು ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಈ ಬುತ್ತಿ ಮುಟ್ಟಿಸುತ್ತ ಬಂದಿದ್ದಾರೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಬುತ್ತಿಯ ಜೊತೆ ಅವ್ವಂದಿರೂ ಬಂದಿಳಿಯುತ್ತಾರೆ. ಮಗ ಡಬ್ಬಿ ಬಿಚ್ಚುವುದನ್ನು ಕಣ್ಣಾರೆ ನೋಡಿ, ಖಾಲಿ ಡಬ್ಬಿ ಇಸಿದುಕೊಂಡು, ಮುಂದಿನ ಬಸ್ಸಿಗೆ ತಿರುಗಿ ಹೋಗುತ್ತಾರೆ. ಆ ಹುಡುಗ ಪರೀಕ್ಷೆ ಪಾಸಾಗಿ ನೌಕರಿ ಹಿಡಿದರೆ ಅದರಲ್ಲಿ ಆ ರೊಟ್ಟಿಗಳ ಪಾಲು ಎಷ್ಟು ಎಂದು ಯಾವ ಅಂಕಪಟ್ಟಿಯೂ ಹೇಳುವುದಿಲ್ಲ.

ಗದಗಿಗೆ ಅನ್ನದ ನೆನಪು ಬೇರೆ ರೀತಿಯಲ್ಲೂ ಇದೆ. ಪಂಚಾಕ್ಷರಿ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮ ಕಟ್ಟಿ ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಲು ನಿಂತಾಗ ಅವರ ಮುಂದಿದ್ದ ಮೊದಲ ಪ್ರಶ್ನೆ ರಾಗದ್ದಾಗಿರಲಿಲ್ಲ, ಈ ಮಕ್ಕಳ ಹೊಟ್ಟೆಯದಾಗಿತ್ತು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಭಾರ ಹೊತ್ತವರು ಪುಟ್ಟರಾಜ ಗವಾಯಿಗಳು. ನಾಟಕ ಬರೆದರು, ನಾಟಕ ಕಂಪನಿ ನಡೆಸಿದರು, ಅದರಿಂದ ಬಂದದ್ದನ್ನು ಆಶ್ರಮಕ್ಕೆ ಹಾಕಿದರು. 2010ರಲ್ಲಿ ಅವರು ಹೋದ ಮೇಲೂ ಆಶ್ರಮದ ಒಲೆ ಆರಿಲ್ಲ. ಭಕ್ತರು ಜೋಳ, ಗೋಧಿ, ಬೇಳೆ, ಕಾಯಿಪಲ್ಯ ತಂದು ಹಾಕುತ್ತಾರೆ. ಕಣ್ಣು ಕಾಣದ ಮಗುವಿಗೆ ಒಗ್ಗರಣೆಯ ವಾಸನೆಯೇ ಗಡಿಯಾರ. ಅಲ್ಲಿ ಒಂದು ಹಿಡಿ ಜೋಳ ಕೊಟ್ಟ ರೈತನಿಗೂ ಆ ಮಗು ಮುಂದೆ ಹಾಡುವ ಹಾಡಿನಲ್ಲಿ ಪಾಲಿದೆ ಎಂದು ನಾನು ನಂಬಿದ್ದೇನೆ.

ಶಿರಹಟ್ಟಿಯ ಫಕ್ಕೀರೇಶ್ವರ ಮಠ ಹಿಂದೂ-ಮುಸ್ಲಿಂ ಭಾವೈಕ್ಯಕ್ಕೆ ಹೆಸರಾದ ಪೀಠ. ಆ ಬಾಳುವೆ ಮಠದ ಗದ್ದುಗೆಯಲ್ಲಿ ಎಷ್ಟಿದೆಯೋ ಇಲ್ಲಿನ ಅಡುಗೆಮನೆಗಳಲ್ಲೂ ಅಷ್ಟೇ ಇದೆ. ಮೊಹರಂ ಬಂದರೆ ಹಿಂದೂಗಳ ಮನೆಯಲ್ಲೂ ಚೊಂಗೆ ಬೇಯುತ್ತದೆ. ಅಲಾಯಿ ದೇವರಿಗೆ ಬೆಲ್ಲ ಒಯ್ಯುವವರ ಜಾತಿ ಯಾರೂ ಕೇಳುವುದಿಲ್ಲ. ಶ್ರಾವಣದಲ್ಲಿ ನಾಗರ ಪಂಚಮಿಗೆ ಮುಂಚೆ ಬರುವ ರೊಟ್ಟಿ ಹಬ್ಬಕ್ಕಂತೂ ಇಡೀ ಓಣಿಯೇ ಒಂದು ಮನೆ. ಎಳ್ಳು ಹಚ್ಚಿದ ತೆಳು ಕಟಕ ರೊಟ್ಟಿ, ನಾಲ್ಕಾರು ಬಗೆಯ ಚಟ್ನಿ, ಕಾಳುಪಲ್ಯ, ಇವನ್ನೆಲ್ಲ ತಾಟಿನಲ್ಲಿ ಹೊಂದಿಸಿಕೊಂಡು ಮನೆಯಿಂದ ಮನೆಗೆ ಬೀರುತ್ತಾರೆ. ಸಂಜೆಯ ಹೊತ್ತಿಗೆ ಪ್ರತಿ ಮನೆಯ ಬುಟ್ಟಿಯಲ್ಲೂ ಉಳಿಯುವುದು ಬೇರೆಯವರ ಮನೆಯ ರೊಟ್ಟಿ. ಮಾತು ಬಿಟ್ಟ ಎರಡು ಮನೆಗಳೂ ಆವತ್ತು ತಾಟು ಹಿಡಿದು ಹೊಸ್ತಿಲು ದಾಟಲೇಬೇಕು. ಜಗಳ ಮುಗಿಸಲು ಇದಕ್ಕಿಂತ ಒಳ್ಳೆಯ ಉಪಾಯ ಪಂಚಾಯಿತಿ ಕಟ್ಟೆಗೂ ಹೊಳೆದಿಲ್ಲ.

ರೊಟ್ಟಿಗೆ ಸಿಕ್ಕ ದೊಡ್ಡ ಮರ್ಯಾದೆಯನ್ನು ನೋಡಬೇಕೆಂದರೆ ಡಂಬಳಕ್ಕೆ ಹೋಗಬೇಕು. ಗದಗಿನಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿ, ದೊಡ್ಡ ಕೆರೆಯ ಮಗ್ಗುಲಿಗೆ, ನಕ್ಷತ್ರಾಕಾರದ ದೊಡ್ಡಬಸಪ್ಪನ ಗುಡಿ ಇರುವ ಊರು ಅದು. ಅಲ್ಲಿನ ತೋಂಟದಾರ್ಯ ಮಠದ ಜಾತ್ರೆಯಲ್ಲಿ ತೇರು ಎಳೆದ ಮೇಲೆ ರೊಟ್ಟಿ ಜಾತ್ರೆ ನಡೆಯುತ್ತದೆ. ಜಾತ್ರೆಗೆ ಮೊದಲೇ ಊರಿನ, ಸುತ್ತಲಿನ ಹಳ್ಳಿಗಳ ಮನೆಮನೆಯಲ್ಲಿ ಹೆಣ್ಣುಮಕ್ಕಳು ಕಟಕ ರೊಟ್ಟಿ ಬಡಿದು ಒಣಗಿಸಿ ಒಟ್ಟುತ್ತಾರೆ. ಸಣ್ಣ ಉರಿಯಲ್ಲಿ ನಿಧಾನವಾಗಿ ಸುಟ್ಟು ತೇವವೆಲ್ಲ ಆರಿದ ಆ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಅವೆಲ್ಲ ಮಠಕ್ಕೆ ಬಂದು ಸೇರಿದಾಗ ಸಾವಿರಾರು ರೊಟ್ಟಿಯ ಒಟ್ಟಿಲುಗಳು ಗೋಡೆಯೆತ್ತರ ಏಳುತ್ತವೆ. ಜೊತೆಗೆ ಕಾಯಿಪಲ್ಯಗಳನ್ನು ಕೂಡಿಸಿ ಮಾಡಿದ ಭಜ್ಜಿ. ಹಸಿಮೆಣಸಿನಕಾಯಿ, ಅಗಸಿ, ಸೌತೆ ಮುಂತಾದವನ್ನು ಹಾಕಿ ಹುಳಿ ಬರಿಸಿದ ಕರಿಂಡಿ. ಈ ಕರಿಂಡಿ ಮೂಗಿಗೆ ಬಡಿದರೆ ಹಸಿವಿಲ್ಲದವನಿಗೂ ಹಸಿವಾಗುತ್ತದೆ.

ಅಲ್ಲಿ ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. 2018ರಲ್ಲಿ ಲಿಂಗೈಕ್ಯರಾದ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಜೀವನವಿಡೀ ಹೇಳಿದ್ದೂ ಇದನ್ನೇ. ಆದರೆ ನನ್ನ ಮನಸ್ಸು ಹೋಗುವುದು ಇನ್ನೊಂದು ಸಂಗತಿಯ ಕಡೆಗೆ. ಆ ಒಟ್ಟಿಲಿನೊಳಗೆ ಯಾವ ರೊಟ್ಟಿ ಯಾರ ಮನೆಯದು ಎಂದು ಯಾರಿಗೂ ಗುರುತು ಹತ್ತುವುದಿಲ್ಲ. ಬಡಿದವಳ ಜಾತಿ ಉಂಬವನಿಗೆ ಗೊತ್ತಿಲ್ಲ, ಉಂಬವನ ಜಾತಿ ಬಡಿದವಳಿಗೆ ಗೊತ್ತಿಲ್ಲ. ಯಾರು ಮಾಡಿದ್ದನ್ನು ಯಾರು ತಿನ್ನಬಾರದು ಎಂಬ ಕಟ್ಟಳೆಯಿಂದಲೇ ಜಾತಿ ನಮ್ಮ ನಾಡಿನಲ್ಲಿ ಇಷ್ಟು ಕಾಲ ಬದುಕಿತು. ಆ ಕಟ್ಟಳೆಯ ಬುಡಕ್ಕೇ ಈ ಒಟ್ಟಿಲು ಏಟು ಹಾಕುತ್ತದೆ. ಭಾಷಣದಿಂದ ಆಗದ್ದು ಇಲ್ಲಿ ಒಂದು ಹೊತ್ತಿನ ಊಟದಿಂದ ಆಗುತ್ತದೆ. ಆ ಒಂದು ಹೊತ್ತು ವರ್ಷದ ಉಳಿದ ದಿನಗಳಿಗೂ ಹಬ್ಬಬೇಕು ಎಂಬುದು ನನ್ನ ಆಸೆ.

ಇಷ್ಟೆಲ್ಲ ಹೇಳಿದ ಮೇಲೆ ರೊಟ್ಟಿಯ ಕಷ್ಟವನ್ನೂ ಹೇಳಬೇಕು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಬಡವರ ಮನೆಯಲ್ಲಿ ಎರಡು ಹೊತ್ತಿನ ಅನ್ನಕ್ಕೆ ಭರವಸೆ ಸಿಕ್ಕಿತು. ಅದು ದೊಡ್ಡ ಉಪಕಾರ, ಹಸಿದು ಮಲಗಿದವರಿಗೆ ಅದರ ಬೆಲೆ ಗೊತ್ತು. ಆದರೆ ಅಕ್ಕಿ ಸುಲಭವಾದಂತೆ ಜೋಳದ ಬಳಕೆ ಅಲ್ಲಲ್ಲಿ ಹಿಂದೆ ಬಿತ್ತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ನಗರದವರು ಜೋಳದ ಕಡೆ ಹೊಸದಾಗಿ ತಿರುಗಿ ನೋಡಿದರು. ಕಟಕ ರೊಟ್ಟಿ ಪಾಕೀಟಿನಲ್ಲಿ ಕೂತು ಬೆಂಗಳೂರಿಗೆ, ಪುಣೆಗೆ ಹೋಗುತ್ತಿದೆ. ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳು ರೊಟ್ಟಿ ಬಡಿದು ಮಾರಿ ಮಕ್ಕಳ ಫೀ ಕಟ್ಟುತ್ತಿದ್ದಾರೆ. ಇದು ಸಂತೋಷದ ಮಾತು. ಮನೆಯಲ್ಲಿ ಬಿಟ್ಟಿ ಎನಿಸಿಕೊಂಡಿದ್ದ ಕೆಲಸಕ್ಕೆ ಹೊರಗೆ ಬೆಲೆ ಇದೆ ಎಂದು ಈಗಲಾದರೂ ತಿಳಿಯಿತು. ಹಂಚಿನ ಕಾವಿಗೆ ಮುಖ ಒಡ್ಡಿ, ಹೊಗೆ ಕುಡಿದು, ಮಣಿಕಟ್ಟು ನೋಯಿಸಿಕೊಂಡು ಮಾಡುವ ಕೆಲಸಕ್ಕೆ ರೊಟ್ಟಿಗಿಷ್ಟು ಎಂದು ಚೌಕಾಸಿ ಮಾಡುವಾಗ ನಾವು ಒಂದು ಗಳಿಗೆ ಯೋಚಿಸಬೇಕು.

ಇನ್ನೂ ಒಂದು ಅನ್ಯಾಯ ನಮ್ಮ ನಮ್ಮ ಮನೆಯೊಳಗೇ ಇದೆ. ಜೋಳದ ರೊಟ್ಟಿಯ ರುಚಿ ಇರುವುದು ಹಂಚಿನಿಂದ ತಾಟಿಗೆ ಬಂದ ಮೊದಲ ಗಳಿಗೆಯಲ್ಲಿ. ಮೇಲಿನ ಪದರ ಬಿಡಿಸಿದರೆ ಉಗಿ ಏಳಬೇಕು, ಅದರ ಮೇಲೆ ಬೆಣ್ಣೆ ಕರಗಬೇಕು. ಆ ರುಚಿ ಗಂಡಸರಿಗೆ ಗೊತ್ತು, ಮಕ್ಕಳಿಗೆ ಗೊತ್ತು, ಬಂದ ಬೀಗರಿಗೂ ಗೊತ್ತು. ದಿನವೂ ಬಡಿಯುವವಳಿಗೆ ಅದು ಸಿಗುವುದು ಅಪರೂಪ. ಅವಳ ಕೈ ಬಿಡುವಾಗುವಷ್ಟರಲ್ಲಿ ಹಂಚು ಆರಿರುತ್ತದೆ. ಎಲ್ಲರದೂ ಮುಗಿದ ಮೇಲೆ ಬುಟ್ಟಿಯ ತಳದಲ್ಲಿ ಉಳಿದ ರೊಟ್ಟಿ ಅವಳದು, ಪಾತ್ರೆಯ ತಳದಲ್ಲಿ ಉಳಿದ ಪಲ್ಯ ಅವಳದು. ಶಿರಹಟ್ಟಿಯ ಅಕ್ಕನನ್ನು ಕೇಳಿದೆ, "ನೀವು ಬಿಸಿ ರೊಟ್ಟಿ ತಿಂದದ್ದು ಯಾವಾಗ?" ಅವರು ಹಂಚಿನ ಮೇಲಿನ ರೊಟ್ಟಿ ತಿರುವುತ್ತಲೇ ಅಂದರು: "ತವರಿಗೆ ಹೋದಾಗ್ರಿ. ಅವ್ವ ಇರೂತನಕಾ."

ಇನ್ನೂ ಬಾರದ ಅತಿಥಿಯ ಪಾಲನ್ನು ಬುಟ್ಟಿಯಲ್ಲಿ ಇಡುವ ಈ ಸಂಸ್ಕೃತಿ ಎದುರಿಗೇ ಕೂತವಳ ಪಾಲನ್ನು ಮರೆತಿದೆ. ದಾಸೋಹ ಪೂರ್ತಿಯಾಗಬೇಕಾದರೆ ಈ ಬಾಕಿ ತೀರಬೇಕು.

ಇದಕ್ಕೆ ಗಂಡಸರು ಹಿಂಜರಿಯಬೇಕಾದ ಕಾರಣವೇ ಇಲ್ಲ. ಕುಮಾರವ್ಯಾಸ ಭಾರತವನ್ನು ಬರೆದದ್ದು ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಎಂದು ಹೆಮ್ಮೆಪಡುವ ಜನ ನಾವು. ಆ ಭಾರತದಲ್ಲಿ ಪಾಂಡವರ ಪೈಕಿ ಎಲ್ಲರಿಗಿಂತ ಬಲಶಾಲಿಯಾದ ಭೀಮ ವಿರಾಟನ ಅರಮನೆಯಲ್ಲಿ ವಲಲನಾಗಿ ಸೌಟು ಹಿಡಿದು ಒಂದು ವರ್ಷ ಅಡುಗೆಮನೆಯಲ್ಲೇ ಕಳೆದ. ಅದರಿಂದ ಅವನ ಗದೆಯ ತೂಕವೇನೂ ಕಡಿಮೆಯಾಗಲಿಲ್ಲ. ನಮ್ಮ ಸೀಮೆಯಲ್ಲೂ ಮಠದ ದಾಸೋಹದಲ್ಲಿ, ಮದುವೆ ಮನೆಯಲ್ಲಿ ದೊಡ್ಡ ಕೊಪ್ಪರಿಗೆಯಲ್ಲಿ ಗೋಧಿ ಹುಗ್ಗಿ ತಿರುವುವವರು ಗಂಡಸರೇ. ಗದಗ-ಬೆಟಗೇರಿಯ ಬೀದಿಗಳಲ್ಲಿ ಸಂಜೆ ಮಿರ್ಚಿ, ಬದನೆಕಾಯಿ ಬಜ್ಜಿ ಕರಿಯುವವರಲ್ಲೂ ಗಂಡಸರೇ ಹೆಚ್ಚು. ಮನೆಯ ಒಲೆಯ ಮುಂದೆ ಕೂರಲು ಮಾತ್ರ ಯಾಕೆ ಸಂಕೋಚ?

ಓದುತ್ತಿರುವ ಅಣ್ಣತಮ್ಮಂದಿರಲ್ಲಿ ಒಂದು ಕೇಳಿಕೆ. ಬರುವ ಆದಿತ್ಯವಾರ ಎಸರಿಗೆ ನೀವೇ ನೀರಿಡಿ. ಹಿಟ್ಟು ನಾದುವುದನ್ನು ಮನೆಯವರ ಕಡೆಯಿಂದಲೇ ಹೇಳಿಸಿಕೊಂಡು ಕಲಿಯಿರಿ. ಮೊದಲ ರೊಟ್ಟಿ ಸೀಳುತ್ತದೆ, ಸೀಳಲಿ. ಮುರಿದು ಮಜ್ಜಿಗೆಯಲ್ಲಿ ಹಾಕಿಕೊಂಡು ನೀವು ತಿನ್ನಿರಿ. ನಾಲ್ಕನೆಯದೋ ಐದನೆಯದೋ ಸರಿಯಾಗಿ ಉಬ್ಬುತ್ತದೆ. ಅಷ್ಟರೊಳಗೆ, ಇಷ್ಟು ವರ್ಷ ನಿಮಗೆ ರೊಟ್ಟಿ ಬಡಿದುಕೊಟ್ಟ ಅವ್ವನನ್ನೋ ಹೆಂಡತಿಯನ್ನೋ ತಾಟಿನ ಮುಂದೆ ಕೂಡಿಸಿರಿ. ಹಂಚಿನಿಂದ ಇಳಿದ ಆ ರೊಟ್ಟಿಯನ್ನು ಬಿಸಿ ಆರುವ ಮೊದಲು ಅವರಿಗೆ ಬಡಿಸಿರಿ. ಅದು ಮುಗಿಯುವ ಮೊದಲೇ ಇನ್ನೊಂದನ್ನು ಹಂಚಿಗೆ ಹಾಕಿರಿ.